ಎಡ ಚಕ್ರದ ಒಳ ಅಂಚು

ಟೈರಿನ ಒಳ ಅಂಚಿನಲ್ಲಿ ಉಕ್ಕಿನ ತಂತಿ ಹೊಳೆಯುತ್ತಿತ್ತು.

ಮುಂದಿನ ಎಡ ಚಕ್ರವನ್ನು ಬಿಚ್ಚಿ, ಬಾಗಿಲಿನ ಬೆಳಕಿಗೆ ಉರುಳಿಸಿ ನೋಡಿದೆ. ಹೊರಗಡೆಯಿಂದ ಹೊಸ ಟೈರೇ. ರಬ್ಬರಿನ ಅಚ್ಚುಗೆರೆಗಳು ಆಳವಾಗಿಯೇ ಇದ್ದವು. ಒಳಗಡೆ ಮಾತ್ರ ಎರಡು ಬೆರಳಗಲ ರಬ್ಬರೇ ಇಲ್ಲ! ಹರಿದ ಚಾಪೆಯ ಎಳೆಗಳಂತೆ ತಂತಿಗಳು ಹೊರಬಿದ್ದಿದ್ದವು. ಹಾಕಿ ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ.

"ಅಕ್ಕಾ, ಬಾ ಇಲ್ಲಿ," ಎಂದು ಕೂಗಿದೆ. "ಇದು ಸವೆದಿದ್ದಲ್ಲ, ಕೊಲೆ."

ವರ್ಕ್‌ಶಾಪ್ ನಮ್ಮಿಬ್ಬರದು. ಚಕ್ರಗಳ ಅಲೈನ್‌ಮೆಂಟ್ ನೋಡುವ, ಅವು ನೇರ ನಿಂತಿವೆಯೇ ಎಂದು ಅಳೆಯುವ ಯಂತ್ರ ನನ್ನ ಪಾಲಿಗೆ. ಉಳಿದದ್ದೆಲ್ಲ ಅಕ್ಕನ ಪಾಲಿಗೆ. ಗಾಡಿಯ ಯಾವ ಮೂಲೆಯಲ್ಲಿ ಸದ್ದು ಬಂದರೂ ಅವಳು ಕಣ್ಣು ಮುಚ್ಚಿಕೊಂಡು ಕೇಳಿ, ಬೆರಳಿಟ್ಟು ತೋರಿಸುತ್ತಾಳೆ.

ಕಾರು ಬ್ರೇಕ್ ಮೇಡಮ್ ಅವರದು. ಕೆಂಪು ಬಣ್ಣದ, ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವಂಥ ಪುಟ್ಟ ಗಾಡಿ. ಮೇಡಮ್ ಮೂವತ್ತು ವರ್ಷ ಡ್ರೈವಿಂಗ್ ಕಲಿಸಿದವರು. ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಯ ಎರಡನೇ ಬ್ರೇಕನ್ನು ಒತ್ತಿ ಒತ್ತಿಯೇ ಅವರಿಗೆ ಆ ಹೆಸರು ಬಂದದ್ದು. ಅಕ್ಕನಿಗೂ ಅವರೇ ಗುರು. ನಿವೃತ್ತಿಯಾದ ದಿನ ಈ ಕಾರು ಕೊಂಡು, "ಇಷ್ಟು ದಿನ ಸ್ಟೀರಿಂಗು ಬೇರೆಯವರ ಕೈಗೆ ಕೊಟ್ಟೆ. ಇನ್ನು ನಾನೇ ಓಡಿಸೋದು" ಎಂದಿದ್ದರಂತೆ. ಅದಾಗಿ ಆರು ವರ್ಷ.

ಅದೇ ಮೇಡಮ್ ಈಗ ನಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಅವರ ಯಜಮಾನರು. ಗಡಿಯಾರ ರಿಪೇರಿ ಮಾಡುತ್ತಿದ್ದವರು, ಮೃದು ಮಾತಿನವರು.

"ಬೇರೆ ಟೈರು ಹಾಕಿಬಿಡಿ," ಎಂದರು ಮೇಡಮ್. "ಮೂರು ಗಂಟೆಗೆ ಕಾರು ಕೊಳ್ಳೋರು ಇಲ್ಲಿಗೇ ಬರ್ತಾರೆ."

ಅಕ್ಕನ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು. "ಮಾರ್ತಿದ್ದೀರಾ? ಯಾಕೆ?"

"ಟೈರೇ ಹೇಳ್ತಿದೆಯಲ್ಲ. ಒಂದು ವರ್ಷದಲ್ಲಿ ಎರಡನೇ ಸಲ. ಹಿಂದಿನದು ಬೇರೆ ಕಂಪನಿದು, ಅದೂ ಹೀಗೇ ಹೋಯ್ತು. ಮೊದಲನೇ ಜೊತೆ ಐದು ವರ್ಷ ಬಂದಿತ್ತು." ಮೇಡಮ್ ನಗಲು ನೋಡಿದರು. "ಗಾಡಿ ಅದೇ, ರಸ್ತೆ ಅದೇ. ಬದಲಾಗಿದ್ದು ನಾನು."

"ವಯಸ್ಸಾಯ್ತು, ಸಾಕು ಅಂತ ನಾನೂ ಹೇಳಿದೆ," ಎಂದರು ಯಜಮಾನರು. "ಆತುರ ಜಾಸ್ತಿ ಇವಳಿಗೆ."

ಗಂಟೆ ಹತ್ತೂವರೆ. ಅಕ್ಕ ಸ್ಟೂಲ್ ಎಳೆದುಕೊಂಡು ಟೈರಿನ ಮುಂದೆ ಕೂತಳು.

"ಮೇಡಮ್, ತಿರುವಿನಲ್ಲಿ ಜೋರಾಗಿ ಓಡಿಸ್ತೀರಾ?"

"ಸ್ವಲ್ಪ. ಅದಕ್ಕೇ ಅಲ್ವಾ ಇಂಥ ಗಾಡಿ ತಗೊಂಡಿದ್ದು?"

"ಹಾಗಿದ್ರೆ ನೀವಲ್ಲ."

"ಅಂದ್ರೆ?"

"ತಿರುವಿನಲ್ಲಿ ಜೋರು ಮಾಡಿದ್ರೆ ಭಾರ ಎಲ್ಲ ಹೊರಗಿನ ಅಂಚಿನ ಮೇಲೆ ಬೀಳುತ್ತೆ. ಸವೆಯೋದೂ ಅದೇ. ಇಲ್ಲಿ ಹೊರಗಿನ ಅಂಚು ಮುಟ್ಟಿದ ಹಾಗಿಲ್ಲ. ಬಲಗಡೆ ಟೈರಂತೂ ಅಂಗಡಿಯಿಂದ ಈಗ ತಂದ ಹಾಗಿದೆ." ಅಕ್ಕ ತಲೆ ಎತ್ತಿದಳು. "ಟೈರಿಂದೂ ತಪ್ಪಿಲ್ಲ. ಎರಡು ಬೇರೆ ಬೇರೆ ಕಂಪನಿಯವರು ಒಂದೇ ತಪ್ಪನ್ನ ಒಂದೇ ಜಾಗದಲ್ಲಿ ಮಾಡೋದಿಲ್ಲ."

"ಹಾಗಾದ್ರೆ ಅಲೈನ್‌ಮೆಂಟು?" ಎಂದರು ಯಜಮಾನರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಪೈಕಿ ನಾನೂ ಒಬ್ಬ. "ನಾಲ್ಕು ತಿಂಗಳ ಹಿಂದೆ ನಾನೇ ಮಾಡಿದ್ದು! ಇವತ್ತು ಬೆಳಿಗ್ಗೆ ಮತ್ತೆ ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಬೇಕಾದ್ರೆ ಯಂತ್ರ ಕೊಟ್ಟ ಚೀಟಿ ತೋರಿಸ್ತೀನಿ."

"ನಿನ್ನ ಚೀಟಿ ನಾನು ನಂಬ್ತೀನಿ," ಎಂದಳು ಅಕ್ಕ. "ಅದೇ ತೊಂದರೆ."

ನನಗೆ ಅರ್ಥವಾಗಲಿಲ್ಲ. ಅವಳು ಕೈಗವಸು ತೆಗೆದಳು. ಬರಿಗೈಯನ್ನು ಟೈರಿನ ಮೇಲಿಟ್ಟು, ಬೆಕ್ಕಿನ ಬೆನ್ನು ಸವರುವಂತೆ ಹೊರಗಿನಿಂದ ಒಳಗೆ ಎಳೆದಳು. ಆಮೇಲೆ ಒಳಗಿನಿಂದ ಹೊರಗೆ.

"ನೀನೂ ಮಾಡು."

ಮಾಡಿದೆ. ಒಂದು ದಿಕ್ಕಿಗೆ ನುಣುಪು. ಇನ್ನೊಂದು ದಿಕ್ಕಿಗೆ—ಗರಗಸ! ಅಂಗೈಗೆ ಚುಚ್ಚಿತು.

"ಚಕ್ರ ವಾಲಿದ್ರೆ ರಬ್ಬರು ನುಣ್ಣಗೆ ಸವೆಯುತ್ತೆ. ಹಲ್ಲು ಬಂದಿದೆ ಅಂದ್ರೆ ಇದು ಉರುಳ್ತಿಲ್ಲ, ಅಡ್ಡಡ್ಡ ಉಜ್ಜಿಕೊಂಡು ಹೋಗ್ತಿದೆ. ಮುಖ ಒಂದು ಕಡೆ, ನಡೆ ಒಂದು ಕಡೆ."

"ಆದ್ರೆ ಯಂತ್ರದಲ್ಲಿ ನೇರ ಇತ್ತಲ್ಲ?"

"ನಿಂತಾಗ ನೇರ. ನಿನ್ನ ಯಂತ್ರ ನೋಡೋದು ನಿಂತ ಗಾಡಿನ. ಓಡುವಾಗ?" ಅಕ್ಕ ಮೇಡಮ್ ಕಡೆ ತಿರುಗಿದಳು. "ಬ್ರೇಕ್ ಹಾಕಿದಾಗ ಏನಾಗುತ್ತೆ, ಮೇಡಮ್? ಸರಿಯಾಗಿ ನೆನಪು ಮಾಡಿಕೊಳ್ಳಿ."

ಮೇಡಮ್ ಸ್ಟೀರಿಂಗ್ ಹಿಡಿದವರಂತೆ ಎರಡೂ ಕೈಗಳನ್ನು ಮುಂದೆ ಎತ್ತಿದರು. "ಸ್ಟೀರಿಂಗು ಎಡಕ್ಕೆ ಜಗ್ಗುತ್ತೆ. ಸ್ವಲ್ಪವೇ. ನಾನು ಹಿಡಿದು ಸರಿ ಮಾಡ್ಕೋತೀನಿ."

"ಸದ್ದು?"

"ಟಕ್ ಅನ್ನುತ್ತೆ. ಒಂದೇ ಸಲ."

"ಯಾರಿಗೂ ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ?" ಅವರ ದನಿ ಸಣ್ಣದಾಯಿತು. "ಸ್ಟೀರಿಂಗ್ ನೇರ ಹಿಡೀರಿ ಅಂತ ಜನರಿಗೆ ಬೈದು ಬೈದು ಬದುಕಿದವಳು. ನನ್ನ ಕೈಯೇ ಸೋತಿದೆ ಅಂದ್ಕೊಂಡೆ."

ಅಕ್ಕ ಎದ್ದಳು. ಕಾರನ್ನು ಲಿಫ್ಟಿನಲ್ಲಿ ತಲೆಯೆತ್ತರಕ್ಕೆ ಏರಿಸಿ, ಉದ್ದನೆಯ ಮೀಟುಗೋಲು ತೆಗೆದುಕೊಂಡು ಕೆಳಗೆ ಹೋದಳು. ಚಕ್ರವನ್ನು ಹಿಡಿದಿಡುವ ಕಬ್ಬಿಣದ ತೋಳಿನ ಬುಡದಲ್ಲಿ, ಎರಡೂ ಕಡೆ, ದಪ್ಪ ರಬ್ಬರಿನ ಬುಷ್ ಇರುತ್ತದೆ. ಮೂಳೆಗಳ ನಡುವಿನ ಮೆತ್ತೆಯ ಹಾಗೆ. ಬಲಗಡೆಯದನ್ನು ಮೀಟಿದಳು—ಅಲುಗಲಿಲ್ಲ. ಎಡಗಡೆ ಮೀಟಿದಳು.

ಟಕ್!

ಇಡೀ ತೋಳು ಒಂದು ಬೆರಳಷ್ಟು ಹಿಂದೆ ಸರಿದು ವಾಪಸು ಬಂತು.

"ಇದೇ ಸದ್ದು!" ಮೇಡಮ್ ಕುರ್ಚಿಯಿಂದ ಎದ್ದೇಬಿಟ್ಟಿದ್ದರು.

"ಪ್ರತಿ ಸಲ ಬ್ರೇಕ್ ಒತ್ತಿದಾಗ ತೋಳು ಹಿಂದೆ ಹೋಗುತ್ತೆ, ಚಕ್ರ ಹೊರಕ್ಕೆ ಮುಖ ತಿರುಗಿಸುತ್ತೆ, ಒಳ ಅಂಚು ರಸ್ತೆಗೆ ಉಜ್ಜುತ್ತೆ. ನಿಮ್ಮ ಕೈ ಅದನ್ನ ಪ್ರತಿ ಸಲ ಹಿಡಿದು ನಿಲ್ಲಿಸ್ತಿತ್ತು. ಒಂದು ವರ್ಷದಿಂದ. ಸೋತ ಕೈ ಮಾಡೋ ಕೆಲಸ ಅಲ್ಲ ಇದು, ಮೇಡಮ್."

ಬುಷ್ ಹಾಳಾಗಿದೆ, ಬದಲಾಯಿಸಿದರಾಯಿತು ಎಂದುಕೊಂಡು ನಾನು ಹೊರಟೆ. ಅಕ್ಕ ತಡೆದಳು.

"ತಡಿ. ಬಲಗಡೆದೂ ಅದೇ ವಯಸ್ಸಿಂದು. ಅದು ಕಲ್ಲಿನ ಹಾಗಿದೆ, ಇದು ಹಲ್ವಾ ಆಗಿದೆ. ಯಾಕೆ?" ಊದಿಕೊಂಡ ರಬ್ಬರನ್ನು ಒತ್ತಿದಳು. "ಬೆಳಿಗ್ಗೆ ಇಲ್ಲಿ ಒದ್ದೆ ಇತ್ತಾ?"

"ಇತ್ತು. ಇಂಜಿನ್ ಸೋರ್ತಿದೆ ಅಂತ ಒರೆಸಿ ಹಾಕಿದೆ."

"ಒರೆಸಿದ ಬಟ್ಟೆ?"

ಕಸದ ಡಬ್ಬದಿಂದ ಹೆಕ್ಕಿ ತಂದೆ. ಅಕ್ಕ ಅದನ್ನು ಕಿಟಕಿಯ ಬಿಸಿಲಿಗೆ ಹಿಡಿದಳು. ಮೂಸಿದಳು. ನನ್ನ ಮುಖಕ್ಕೆ ಹಿಡಿದಳು.

"ಯಾವ ಬಣ್ಣ?"

ಆಗ ನೋಡಿದೆ. ಜೇನಿನ ಬಣ್ಣ!

"ಇಂಜಿನ್ನಿಂದ ಸೋರೋ ಎಣ್ಣೆ ಕಪ್ಪಗಿರುತ್ತೆ," ಎಂದಳು ಅಕ್ಕ. "ಇದು ಇಂಜಿನ್ ಒಳಗೆ ಹೋಗೇ ಇಲ್ಲ. ಬಾಟಲಿಯಿಂದ ನೇರ ಬಂದಿದೆ. ಎಣ್ಣೆ ಹಾಕೋ ಬಾಯಿ ಎಡಗಡೆ, ಅದರ ನೆಟ್ಟ ನೇರಕ್ಕೆ ಈ ಬುಷ್. ವಾರ ವಾರ ಎಣ್ಣೆಯಲ್ಲಿ ನೆನೆದ್ರೆ ಯಾವ ರಬ್ಬರು ಉಳಿಯುತ್ತೆ?" ಬಟ್ಟೆಯನ್ನು ಮಡಚಿದಳು. "ಮೇಡಮ್, ಬಾನೆಟ್ ಎತ್ತೋರು ಯಾರು?"

"ನಾನಂತೂ ಅಲ್ಲ. ಇವರು—" ಮೇಡಮ್ ಅಲ್ಲಿಗೇ ನಿಲ್ಲಿಸಿದರು.

ಎಲ್ಲರೂ ಯಜಮಾನರನ್ನು ನೋಡಿದೆವು. ಅವರಿಗೆ ಲೈಸೆನ್ಸೇ ಇಲ್ಲ. ಆ ಕಾರನ್ನು ಒಂದು ಗಜವೂ ಓಡಿಸಿದವರಲ್ಲ. ಅದಕ್ಕೇ ನಾನು ಅವರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

"ಭಾನುವಾರ ಬೆಳಿಗ್ಗೆ," ಎಂದರು ಅವರು ನಿಧಾನವಾಗಿ. "ಹೋದ ವರ್ಷ ಗಡಿಯಾರದ ಅಂಗಡಿ ಮುಚ್ಚಿದ ಮೇಲೆ ಶುರು ಮಾಡಿದ್ದು. ಕೈಗೆ ಏನಾದ್ರೂ ಕೆಲಸ ಬೇಕಿತ್ತು. ಇವಳ ಗಾಡಿ ದಾರಿಯಲ್ಲಿ ನಿಲ್ಲಬಾರದು ಅಂತ... ಸ್ವಲ್ಪ ಸ್ವಲ್ಪ ಹಾಕ್ತಿದ್ದೆ."

"ಗಡಿಯಾರಕ್ಕೆ ಸೂಜಿಮೊನೆಯಲ್ಲಿ ಎಣ್ಣೆ ಬಿಟ್ಟೋರು ನೀವು," ಎಂದರು ಮೇಡಮ್. "ನೀವು ಚೆಲ್ಲಿದ್ರಾ?"

ಯಜಮಾನರು ಜೇಬಿನಲ್ಲಿದ್ದ ಬಲಗೈಯನ್ನು ಹೊರಗೆ ತೆಗೆದು ಚಾಚಿದರು. ಬೆರಳುಗಳು ಸಣ್ಣಗೆ, ಬಿಡದೆ ನಡುಗುತ್ತಿದ್ದವು.

"ಗಿರಾಕಿ ಇಲ್ಲ ಅಂತ ಅಂಗಡಿ ಮುಚ್ಚಿದ್ದಲ್ಲ," ಎಂದರು. "ವಯಸ್ಸಿನ ನಡುಕ, ಹೆದರಬೇಡಿ ಅಂದ್ರು ಡಾಕ್ಟರು. ಹೆದರಲಿಲ್ಲ. ನಿನಗೆ ಹೇಳೋಕೆ ನಾಚಿಕೆಯಾಯ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗೆ, ನಿನ್ನದೇ ತಪ್ಪು ಅಂತ ಕಾರು ಮಾರೋಕೆ ಹೊರಡಿಸಿದೆ."

ನಾನು ನೆಲ ನೋಡಿದೆ. ಮೇಡಮ್ ಸಿಡಿಯುತ್ತಾರೆ ಎಂದುಕೊಂಡೆ. ಆದರೆ ಅವರು ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

"ಮೂವತ್ತು ವರ್ಷ ಬೇರೆಯವರ ಕೈ ನೋಡೋದೇ ನನ್ನ ಕೆಲಸ ಆಗಿತ್ತು. ಮನೆಯಲ್ಲಿರೋ ಕೈ ನೋಡಲಿಲ್ಲ. ತಪ್ಪು ಇಬ್ಬರದೂ, ಬಿಡಿ." ಆಮೇಲೆ ಕೆಂಪಾದ ಮೂಗನ್ನು ಒರೆಸಿಕೊಂಡು, "ಇನ್ಮೇಲೆ ಬಾಟಲಿ ನಾನು ಹಿಡೀತೀನಿ. ಎಷ್ಟು ಸಾಕು ಅಂತ ನೀವು ಹೇಳಿ. ಜೋರಾಗಿ ಹೇಳಿ, ನನಗೆ ಆತುರ ಜಾಸ್ತಿ," ಎಂದರು.

ಯಜಮಾನರು ನಕ್ಕರು. ಅಕ್ಕನೂ ನಕ್ಕಳು. ನಾನು ಹೊಸ ಬುಷ್ ತರಲು ಓಡಿದೆ.

ಬುಷ್ ಕೂರಿಸಿ, ಬೇರೆ ಟೈರು ಹಾಕುವಷ್ಟರಲ್ಲಿ ಎರಡು ಗಂಟೆ ನಲವತ್ತಾಯಿತು. ಮೇಡಮ್ ಒಬ್ಬರೇ ಕಾರನ್ನು ಹಿಂದಿನ ಖಾಲಿ ರಸ್ತೆಗೆ ಒಯ್ದರು. ನಾವು ಮೂವರೂ ಗೇಟಿನಲ್ಲಿ ನಿಂತೆವು. ದೂರದಿಂದ ಕೆಂಪು ಚುಕ್ಕೆ ಬಾಣದಂತೆ ಬಂತು. ನಮ್ಮ ಎದುರಿಗೇ ಅವರು ಬ್ರೇಕ್ ಒತ್ತಿದರು. ಕಾರು ಗೆರೆ ಎಳೆದಂತೆ ನೇರವಾಗಿ ನಿಂತಿತು. ಕಿಟಕಿಯ ಗಾಜಿನ ಹಿಂದೆ ಅವರು ಬಾಯಿ ತುಂಬ ನಗುತ್ತಿದ್ದರು.

ಕೊಳ್ಳುವವರು ಮೂರಕ್ಕೆ ಸರಿಯಾಗಿ ಬಂದರು. ಕೋಟು ಹಾಕಿದ ಮನುಷ್ಯ, ಕಾರಿನ ಸುತ್ತ ಒಂದು ಸುತ್ತು ಹಾಕಿ, "ಚೆನ್ನಾಗಿಟ್ಟಿದ್ದೀರಿ. ಮಾರೋದು ಯಾಕೆ?" ಎಂದು ಕೇಳಿದರು.

"ಮಾರೋದಿಲ್ಲ," ಎಂದರು ಮೇಡಮ್. "ನಿಮ್ಮನ್ನ ಸುಮ್ಮನೆ ಓಡಾಡಿಸಿದ್ದಕ್ಕೆ ಕ್ಷಮಿಸಿ. ಟೀ ಕುಡಿದು ಹೋಗಿ."

ಆ ಮನುಷ್ಯ ಟೀ ಕುಡಿದು, ಇನ್ನೊಮ್ಮೆ ಆಸೆಯಿಂದ ಕಾರು ನೋಡಿ ಹೋದರು. ಮೇಡಮ್ ಸ್ಟೀರಿಂಗ್ ಹಿಂದೆ ಕೂತರು. ಯಜಮಾನರು ಮೊಣಕಾಲು ಮಡಚಿ, ಉಸ್ಸೆಂದು ಪಕ್ಕದ ಸೀಟಿಗೆ ಇಳಿದರು.

"ಮನೆಗೇ ತಾನೇ?" ಎಂದು ಅವರು ಕೇಳಿದ್ದು ನಮಗೂ ಕೇಳಿಸಿತು.

"ಇಷ್ಟು ಬೇಗ ಮನೆಗೆ ಹೋಗಿ ಏನ್ಮಾಡ್ತೀರಿ?"

ಕಾರು ಗೇಟು ದಾಟಿ, ಮನೆಯ ದಾರಿಯನ್ನು ಬಿಟ್ಟು, ಬೆಟ್ಟದ ರಸ್ತೆಯ ಕಡೆಗೆ ಹೊರಳಿತು. ತಿರುವಿನಲ್ಲಿ, ಸ್ವಲ್ಪ ಜೋರಾಗಿಯೇ.