ಬಾಲ ಆಡಿಸಿದ ಟ್ರೇಲರ್

ಟಾರ್ಪಾಲು ಸರಿಸಿದಾಗ ಕಂಚಿನ ಗಂಟೆ ಇರಬೇಕಾದ ಜಾಗದಲ್ಲಿ ಒಗೆಯುವ ಬಟ್ಟೆ ತುಂಬುವ ಬಿಳಿ ಬುಟ್ಟಿಯೊಂದು ಬೋರಲಾಗಿ ಕೂತಿತ್ತು.

ವಿಂಡ್‌ಹೋಲ್ಮ್ ದ್ವೀಪದ ಬಂದರುಕಟ್ಟೆಯಲ್ಲಿ ನೆರೆದಿದ್ದವರು ಇನ್ನೊಮ್ಮೆ ಟಾರ್ಪಾಲಿನಡಿ ಇಣುಕಿದರು. ಮಂಜು ಕವಿದಾಗ ದೋಣಿಗಳಿಗೆ ದಡ ತಿಳಿಸುವ ಗಂಟೆ ಅದು. ಬಿರುಕು ಬಿಟ್ಟಿತೆಂದು ಆಚೆ ದಡದ ಕಾರ್ಖಾನೆ ಸೇರಿ ಎರಡು ವರ್ಷವಾಗಿತ್ತು. ಊರೊಟ್ಟಿನ ಟ್ರೇಲರನ್ನು ತನ್ನ ಪುಟ್ಟ ಕಾರಿನ ಬೆನ್ನಿಗೆ ಕಟ್ಟಿಕೊಂಡು ಅದನ್ನು ತರಲು ಹೋಗಿದ್ದವಳು ಅಂಗಡಿಯ ದಿಟ್ಟೆ. ಹೆಸರಿಗೆ ತಕ್ಕ ಹೆಣ್ಣು. ಆದರೆ ಆ ಹೊತ್ತಿಗೆ ಅವಳ ಮುಖ ಬುಟ್ಟಿಗಿಂತ ಬಿಳಿಚಿತ್ತು.

"ಗಂಟೆ ಹೋಗಿ ಯಾರ್ದೋ ಗಂಟಾಯ್ತು!" ಎಂದು ಬಂದರು ಸಂಘದ ಅಧ್ಯಕ್ಷ ಟೋರ್ಕಿಲ್ ಗುಡುಗಿದ. "ಕಂಚು ಮಾರ್ಕೊಂಡ್ಯೇನಮ್ಮ? ಮೊದ್ಲೇ ನಿಂಗೆ ಗಾಡಿ ಓಡ್ಸೋಕೆ ಬರಲ್ಲ. ಬೆಳಿಗ್ಗೆ ಆಚೆ ದಡದಲ್ಲಿ, ನೀನು ಕಾರ್ಖಾನೆಯಿಂದ ಬರೋವಾಗ, ಗಾಳಿಗಿರಣಿ ಹತ್ರ ನಿನ್ನ ಕಾರಿನ ದೀಪ ಕಣ್ಣು ಕುಕ್ಕಿ, ನಾನು ಹಳ್ಳಕ್ಕೆ ಬೀಳೋದು ಸ್ವಲ್ಪದ್ರಲ್ಲಿ ತಪ್ತು!"

ಗಂಟೆಕಂಬದ ಬುಡದಲ್ಲೇ ಮನೆಯಿರುವ ಮೋಗೆನ್ಸ್ ಅವಳ ಪಕ್ಕದಲ್ಲಿ ನೆಲ ನೋಡುತ್ತ ನಿಂತಿದ್ದ. ಎರಡು ವರ್ಷದಲ್ಲಿ ಹತ್ತು ವರ್ಷ ಚಿಕ್ಕವನಾದ ಎಂದು ಊರು ತಮಾಷೆ ಮಾಡುತ್ತಿದ್ದ ಮುದುಕ.

ಆ ಸಂಜೆಯೇ ಊರ ಸಭೆ. ದ್ವೀಪದ ಏಕೈಕ ಅಂಗಡಿಯನ್ನು ದಿಟ್ಟೆಯ ಕೈಯಲ್ಲೇ ಉಳಿಸುವುದೋ ಬೇಡವೋ ಎಂದು ಜನ ಕೈ ಎತ್ತಿ ಹೇಳಬೇಕಿತ್ತು. ಕಳ್ಳಿಗೆ ಯಾರು ಕೈ ಎತ್ತುತ್ತಾರೆ? ಅವಳು ನೇರವಾಗಿ ಆಸ್ಗರನ ಜಗಲಿಗೆ ಬಂದಳು.

ಆಸ್ಗರ್ ಪೊಲೀಸ್ ಪತ್ತೇದಾರನಾಗಿ ದುಡಿದು, ದಣಿವಾರಿಸಿಕೊಳ್ಳಲು ದ್ವೀಪ ಸೇರಿದ್ದವನು. ದ್ವೀಪ ಅವನಿಗೆ ದಣಿವು ಕೊಟ್ಟಿತೇ ಹೊರತು ಆರಿಸಿಕೊಳ್ಳಲು ಬಿಡಲಿಲ್ಲ. ಪಕ್ಕದ ಕುರ್ಚಿಯಲ್ಲಿ ಎಂದಿನಂತೆ ಅವನ ನೆರಳು ಪ್ರೆಬೆನ್. ಊರಿನ ಯಾರ ದನಿಯನ್ನು ಬೇಕಾದರೂ ತನ್ನ ಗಂಟಲಲ್ಲಿ ಹೊರಡಿಸಬಲ್ಲ ಪ್ರೆಬೆನ್‌ಗೆ, ಗೆಳೆಯನ ನಿಟ್ಟುಸಿರು ಮಾತ್ರ ಇಂದಿಗೂ ಒಲಿದಿರಲಿಲ್ಲ. ಅದು ಅಷ್ಟು ಆಳದಿಂದ ಬರುತ್ತಿತ್ತು.

"ಗಲ್ಲಕ್ಕೇನಾಯ್ತು?" ಅವಳ ಬ್ಯಾಂಡೇಜ್ ನೋಡಿ ಆಸ್ಗರ್ ಕೇಳಿದ.

"ಅದಿರ್ಲಿ ಸಾಹೇಬ್ರೇ, ನನ್ನ ಅಂಗಡಿ ಹೋಗತ್ತೆ!"

"ಅಂಗಡಿ ಬೇಕಾದ್ರೆ ಗಲ್ಲದ ಕತೆ ಹೇಳು. ಮೊದಲಿಂದ."

"ಕಾರ್ಖಾನೆಯವ್ರು ಗಂಟೆನ ಟ್ರೇಲರಿನ ಮುಂತಲೇಲಿ ಕೂರ್ಸಿ ಟಾರ್ಪಾಲು ಮುಚ್ಚಿದ್ರು. ಹಿಂದ್ಗಡೆ ಅಂಗಡೀಲಿ ಮಾರೋಕೆ ಅಂತ ಹೂಕುಂಡದ ಮಣ್ಣಿನ ಚೀಲ ಹಾಕ್ಕೊಂಡೆ. ಹೊರಟಿದ್ದೇ ತಡ, ಎದುರಿಗೆ ಬಂದೋರೆಲ್ಲ ನಂಗೆ ದೀಪ ಮಿಟುಕ್ಸಿದ್ರು. ಇಷ್ಟು ಜನಕ್ಕೆ ನನ್ಮೇಲೆ ಕಣ್ಣಿದೆ ಅಂತ ಗೊತ್ತೇ ಇರ್ಲಿಲ್ಲ! ಆಮೇಲೆ ಸಾಸೇಜ್ ಅಂಗಡಿ ಹತ್ರ ನಿಲ್ಸಿದೆ. ಮೋಗೆನ್ಸ್ ಚಿಕ್ಕಪ್ಪ ಸಿಕ್ರು, ಹಲ್ಲಿನ ಸೆಟ್ ಮಾಡ್ಸೋಕೆ ಡಾಕ್ಟ್ರ ಹತ್ರ ಬಂದಿದ್ರಂತೆ. ನಾನು ಒಳಗೆ ಕಾಫಿ ಕುಡಿದು ಬಂದೆ. ಪಾಪ, 'ನಿಧಾನ ಹೋಗಮ್ಮ, ಟ್ರೇಲರ್ ಬಾಲ ಆಡ್ಸತ್ತೆ' ಅಂದ್ರು. ಹೇಳ್ದಂಗೇ ಆಯ್ತು, ಫೆರಿ ಹತ್ತೋ ಬಂದರು ಮುಟ್ಟೋವರ್ಗೂ ಖುಷಿಯಾದ ನಾಯಿ ಥರ ಆಡಿಸ್ತು."

"ಆಗ್ಲೂ ಎದುರಿನೋರು ದೀಪ ಮಿಟುಕಿಸ್ತಿದ್ರಾ?"

ದಿಟ್ಟೆ ಯೋಚಿಸಿದಳು. "ಇಲ್ಲಪ್ಪ. ಯಾರೂ ಇಲ್ಲ."

ಗಲ್ಲದ ಕತೆ, ವಾಹನಗಳನ್ನು ದ್ವೀಪಕ್ಕೆ ದಾಟಿಸುವ ಫೆರಿಯದು. ಅದಕ್ಕೆ ಹಿಮ್ಮುಖವಾಗಿಯೇ ಹತ್ತಬೇಕು. ಟ್ರೇಲರನ್ನು ಹಿಂದಕ್ಕೆ ನಡೆಸಲು ಬಾರದವರು ಕೊಂಡಿ ಬಿಚ್ಚಿ ಕೈಯಲ್ಲಿ ತಳ್ಳುವುದು ವಾಡಿಕೆ. ದಿಟ್ಟೆ ಕೊಂಡಿ ಬಿಚ್ಚಿದ ಕೂಡಲೇ ಟ್ರೇಲರಿನ ಮೂತಿ ಎದ್ದು ಗಲ್ಲಕ್ಕೆ ಬಡಿದಿತ್ತು. ಫೆರಿಯ ಆಳು ಕಾಯ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದನಂತೆ. ದಾಟುವಾಗ ಎಲ್ಲರೂ ಮೇಲಿನ ಅಂತಸ್ತಿಗೆ ಹೋಗಿದ್ದರು. ವಾಹನಗಳ ಬಳಿ ಇದ್ದವನು ಕಾಯ್ ಒಬ್ಬನೇ.

"ಕಾಯುವ ಕಾಯೇ ಕೊಯ್ದನೋ?" ಎಂದ ಪ್ರೆಬೆನ್.

ಆಸ್ಗರ್ ನಗಲಿಲ್ಲ. "ಕೋಲು ಕೊಡು, ಸಭೆಗೆ ಹೋಗೋಣ. ಗೊತ್ತಾಗಿದೆ. ಗೊತ್ತಾಗದೆ ಇದ್ದಿದ್ರೆ ಚೆನ್ನಾಗಿತ್ತು."

ಸಭಾಭವನದಲ್ಲಿ ಕಾಫಿ, ದಾಲ್ಚಿನ್ನಿ ಬನ್ನು, ಗುಸುಗುಸು ಮೂರೂ ಬಿಸಿಯಾಗಿದ್ದವು. ಕಾರು ಟ್ರೇಲರನ್ನು ಎಳೆದ ಹಾಗೆ ಆಸ್ಗರ್ ಕಾಲೆಳೆಯುತ್ತ ಹೋಗಿ ಮುಂದಿನ ಕುರ್ಚಿಯಲ್ಲಿ ಕುಸಿದ.

"ಕೂತೇ ಹೇಳ್ತೀನಿ, ಕ್ಷಮಿಸಿ. ಟೋರ್ಕಿಲ್, ಗಾಳಿಗಿರಣಿ ಹತ್ರ ದಿಟ್ಟೆ ಕಾರಿನ ದೀಪ ನಿಮ್ಮ ಕಣ್ಣಿಗೆ ಹೊಡೀತು, ಅಲ್ವಾ?"

"ಇನ್ನೂ ಉರೀತಿದೆ!"

"ಟ್ರೇಲರಿನ ಮುಂತಲೇಲಿ ಭಾರ ಕೂತ್ರೆ ಕೊಂಡಿ ಕೆಳಕ್ಕೆ ಒತ್ತತ್ತೆ. ಪುಟ್ಟ ಕಾರಿನ ಹಿಂಭಾಗ ಕುಸಿದು ಮೂಗು ಮೇಲೇಳತ್ತೆ. ದೀಪ ಎದುರಿನೋರ ಕಣ್ಣಿಗೇ, ಅದಕ್ಕೇ ಅವ್ರೆಲ್ಲ ಮಿಟುಕ್ಸಿದ್ದು. ಅಂದ್ರೆ ಗಾಳಿಗಿರಣಿ ದಾಟೋವಾಗ ಗಂಟೆ ಗಾಡೀಲೇ ಇತ್ತು. ಅದಕ್ಕೆ ನಿಮ್ಮ ಕಣ್ಣೇ ಸಾಕ್ಷಿ."

ಟೋರ್ಕಿಲ್ ಬನ್ನನ್ನು ತಟ್ಟೆಗೆ ಇಳಿಸಿದ.

"ಕಾಯ್, ಕೊಂಡಿ ಬಿಚ್ಚಿದಾಗ ಏನಾಯ್ತು?"

"ಮೂತಿ ಕುದುರೆ ಥರ ಎದ್ಬಿಡ್ತು ಸಾರ್! ನಾನು ಹೇಳ್ದೆ, 'ದಿಟ್ಟೆ, ಗಾಡಿ ಮುತ್ತು ಕೊಡ್ತು ಕಣೇ' ಅಂತ."

"ಮುಂದೆ ಗಂಟೆ ಇದ್ದಿದ್ರೆ ಏಳ್ತಿರ್ಲಿಲ್ಲ. ಉಳಿದಿದ್ದು ಹಿಂದಿನ ಮಣ್ಣಿನ ಚೀಲ ಮಾತ್ರ. ಅಂದ್ರೆ ಫೆರಿ ಹತ್ತೋ ಮುಂಚೇನೇ ಗಂಟೆ ಇಳಿದಿತ್ತು. ಕಾಯ್ ಬಚಾವ್. ನಡುವೆ ದಿಟ್ಟೆ ನಿಲ್ಸಿದ್ದು ಒಂದೇ ಕಡೆ, ಸಾಸೇಜ್ ಅಂಗಡಿ. ಅಲ್ಲಿಂದ ಆಚೆಗೇ ದೀಪ ಮಿಟುಕ್ಸೋದು ನಿಂತಿದ್ದು. ಬಾಲ ಆಡ್ಸೋದೂ ಅಲ್ಲಿಂದಾನೇ ಶುರು, ಹಿಂದೆ ಭಾರವಾದ ಟ್ರೇಲರ್ ಹಂಗೇ ಆಡೋದು." ಅವನು ಕಣ್ಣು ಮುಚ್ಚಿದ. "ಪ್ರೆಬೆನ್, ಅಲ್ಲಿ ಒಬ್ರು ಅವಳಿಗೆ ಹೇಳಿದ ಮಾತು ಹೇಳು."

ಪ್ರೆಬೆನ್ ಗಂಟಲು ಸರಿಮಾಡಿಕೊಂಡ. ಮೋಗೆನ್ಸನ ದನಿ, ಮೋಗೆನ್ಸನ ಎಳೆತ, ಬಚ್ಚಬಾಯಿಯ ಗಾಳಿ ಸಮೇತ ಹೊರಬಂತು: "ನಿಧಾನ ಹೋಗಮ್ಮ, ಟ್ರೇಲರ್ ಬಾಲ ಆಡ್ಸತ್ತೆ."

ಸಭೆ ಗೊಳ್ಳೆಂದಿತು. ಮೋಗೆನ್ಸ್ ನಗಲಿಲ್ಲ.

"ಅಲ್ಲೀವರ್ಗೂ ಟ್ರೇಲರ್ ಒಂದ್ಸಲಾನೂ ಬಾಲ ಆಡ್ಸಿರ್ಲಿಲ್ಲ," ಎಂದ ಆಸ್ಗರ್. "ಇನ್ಮೇಲೆ ಆಡ್ಸತ್ತೆ ಅಂತ ಗೊತ್ತಿದ್ದಿದ್ದು, ಮುಂದಿನ ಭಾರ ಇಳಿಸಿದೋನಿಗೆ ಮಾತ್ರ."

ಮೋಗೆನ್ಸ್ ಮೆಲ್ಲನೆ ಎದ್ದ. "ಹಲಗೆ ಇಟ್ಟು ನನ್ನ ಕಾರಿನ ಡಿಕ್ಕಿಗೆ ಉರುಳಿಸ್ದೆ, ಇನ್ನೂ ಅಲ್ಲೇ ಇದೆ. ಬುಟ್ಟೀನೂ ನಂದೇ. ಮದುವೆಯಾದಾಗಿಂದ ಆ ಕಂಬದ ಕೆಳಗೆ ಮಲಗಿದ್ದೀನಪ್ಪ. ಮಂಜು ಬಿತ್ತು ಅಂದ್ರೆ ಬೆಳಗಿನ ತನಕ ಢಣ್, ಢಣ್. ಎರಡು ವರ್ಷದಿಂದ ನಿದ್ದೆ ಅಂದ್ರೇನು ಅಂತ ಕಂಡೆ. ಮತ್ತೆ ಬರತ್ತೆ ಅಂದಾಗ ತಲೆ ಕೆಟ್ಟೋಯ್ತು."



"ಸುಮ್ನೆ ಇದ್ದಿದ್ರೆ ನಿಮ್ಮನ್ನ ಹಿಡಿಯೋಕಾಗ್ತಿರ್ಲಿಲ್ಲ," ಎಂದ ಆಸ್ಗರ್. "ಹುಡುಗಿ ದಾರೀಲಿ ಸಾಯ್ತಾಳೆ ಅಂತ ಹೆದರಿ ಬಾಯಿ ಬಿಟ್ರಿ."

"ಕಟ್ಟೆ ಮೇಲೆ ಯಾಕೆ ಬಿಡ್ಲಿಲ್ಲ?" ದಿಟ್ಟೆ ಕೇಳಿದಳು. "ಎಲ್ರೂ ನನ್ನ ಕಳ್ಳಿ ಅನ್ನೋವಾಗ ಪಕ್ಕದಲ್ಲೇ ನಿಂತಿದ್ರಲ್ಲ ಚಿಕ್ಕಪ್ಪ!"

ಮುದುಕ ಮತ್ತೆ ಕುರ್ಚಿಯಲ್ಲಿ ಕೂತ.

ಟೋರ್ಕಿಲ್ ಕೆಮ್ಮಿ, ಅಂಗಡಿಯ ವಿಷಯ ಎತ್ತಿದ. ಕೈಗಳು ಎದ್ದವು, ಎಲ್ಲರಿಗಿಂತ ತಡವಾಗಿ ಮೋಗೆನ್ಸನದೂ. ದಿಟ್ಟೆ ಆ ಕೈಯನ್ನೇ ನೋಡಿದಳು. ಅಂಗಡಿ ಅವಳ ಕೈಯಲ್ಲೇ ಉಳಿಯಿತು.

"ಗಂಟೆ ಇಳಿಸಿ ಚಿಕ್ಕಪ್ಪ," ಎಂದಳು ಕೊನೆಗೆ. "ಕಂಬ ಬೇರೆ ಎಲ್ಲಿ ನೆಡೋದು ಅಂತ ಆಮೇಲೆ ಮಾತಾಡೋಣ. ನಾಳೆ ಮಾತ್ರ ಅಂಗಡಿ ಕಡೆ ಬರಬೇಡಿ, ನಿಮ್ಮ ಮುಖ ನೋಡೋಕಾಗಲ್ಲ." ಬಾಗಿಲವರೆಗೆ ಹೋದವಳು, ತಿರುಗದೆಯೇ ನಿಂತಳು.

"ನಾಡಿದ್ದು ಬನ್ನಿ."