ಹೆಬಳೆ ಕ್ಲಬ್ಬಿನಲ್ಲಿ ಅಳತೆ ತಪ್ಪಿದ ಬಂದೂಕು

"ಸಂಜೆಯೊಳಗೆ ಶನಿಯಾರಣ್ಣನ್ನ ಪೊಲೀಸಿಗೆ ಕೊಡ್ತಾರಂತೆ, ಮಾದೇವಿಯಕ್ಕ. ನನ್ನ ಬಂದೂಕಿನ ದೆಸೆಯಿಂದ."

ಹೆಬಳೆಯ ಧನ್ಯಾ ಹೊನ್ನಾವರದ ನಮ್ಮ ಅಂಗಡಿ ಬಾಗಿಲಲ್ಲಿ ನಿಂತು ಹೀಗೆಂದಾಗ ಮಾದೇವಿಯಕ್ಕ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ನಲವತ್ತು ವರ್ಷ ಬಂದೂಕು ರಿಪೇರಿ ಮಾಡಿದ ಹೆಂಗಸು. ಕಳುವಾದದ್ದು, ಸಿಡಿದದ್ದು, ಹಂದಿಗೆ ಹೊಡೆದು ನೆಂಟನಿಗೆ ತಾಗಿದ್ದು, ಎಲ್ಲ ತಕರಾರೂ ಕಡೆಗೆ ಅವರ ಮೇಜಿಗೇ ಬರುತ್ತಿದ್ದವು. ಪೊಲೀಸರೂ ಬಂದು ಕೇಳುತ್ತಿದ್ದರು. ಅವರ ಹಳೇ ಓಮ್ನಿ ಓಡಿಸುವವ ನಾನು, ನಾಗು.

"ನಂಗೆ ಸಾಕಾಗಿ ಹೋಗಿದೆ ತಂಗಿ," ಎಂದರು ಅಕ್ಕ. "ಆತು, ಹೇಳು."

ಹೆಬಳೆ ಆಚೆಯ ಕಲ್ಲುಬಯಲಲ್ಲಿ ಒಂದು ಕ್ಲಬ್ಬಿದೆ. ಯಂತ್ರ ಎಸೆಯುವ ಮಣ್ಣಿನ ಬಿಲ್ಲೆಗೆ ಅಲ್ಲಿ ಗುರಿ ಹೊಡೆಯುತ್ತಾರೆ. ಧನ್ಯಾಳ ಮೈಗೆ ತಕ್ಕಂತೆ ಅವಳ ಬಂದೂಕಿಗೆ ಅಳತೆ ಹಿಡಿದು ಕೊಟ್ಟವರು ಅಕ್ಕನೇ. ಅದು ಕ್ಲಬ್ಬಿನ ಕಪಾಟಿನಲ್ಲಿರುತ್ತಿತ್ತು. ಸೋಮವಾರ ಬೆಳಿಗ್ಗೆ ಹೊಸ ತೋಟಾ ತುಂಬಿ ಹೊಡೆದರೆ ಒಂದೂ ತಾಗಲಿಲ್ಲ, ಕೆನ್ನೆ ಬಾತುಕೊಂಡಿತು. ಕಪಾಟಿನಲ್ಲಿಟ್ಟಿದ್ದ ಅವಳ ಐವತ್ತು ತೋಟಾಗಳನ್ನೂ ಯಾರೋ ಹೊಡೆದು ಖಾಲಿ ಮಾಡಿದ್ದರು. ಭಾನುವಾರ ಕ್ಲಬ್ಬಿಗೆ ರಜೆ. ಕಪಾಟಿನ ಕೀಲಿ ಮೂವರ ಹತ್ತಿರ: ಕಾರ್ಯದರ್ಶಿ ರಾಜೀವರು, ತರಬೇತಿ ಕೊಡುವ ಪ್ರದೀಪ, ಬಿಲ್ಲೆಯ ಯಂತ್ರ ನೋಡಿಕೊಳ್ಳುವ ಶನಿಯಾರ.

"ಬಂದೂಕಿನ ಹಿಂದಿನ ಮರ ಎಡಕ್ಕೆ ಬಾಗಿದೆ ಅಕ್ಕ. ಕ್ಲಬ್ಬಿನಲ್ಲಿ ಎಡಚ ಅಂದ್ರೆ ಶನಿಯಾರಣ್ಣ ಒಬ್ಬನೇ ಅಂತ ಎಲ್ಲರೂ ಹೇಳ್ತಾರೆ. ಲೈಸೆನ್ಸ್ ಇಲ್ದೆ ಬಂದೂಕು ಮುಟ್ಟಿದ ಅಂತ ಕೇಸು."

ನಾವು ಕ್ಲಬ್ಬು ತಲುಪುವಾಗ ಮಧ್ಯಾಹ್ನದ ಬಿಸಿಲು ಕಲ್ಲಿನಿಂದ ಎದ್ದು ಮುಖಕ್ಕೆ ಹೊಡೆಯುತ್ತಿತ್ತು. ರಾಜೀವರು ತೆಂಗಿನ ಮರದಂಥ ಆಳು. ಬಂದೂಕು ಮಡಚಿ ನಳಿಗೆಯನ್ನು ಎಡಗಣ್ಣಿಗೆ ಹಿಡಿದು ನೋಡಿ, "ಒಳಗೆಲ್ಲ ಮಸಿ. ಎಡಚನ ಕೆಲಸ, ಇನ್ನೆಂತ?" ಎಂದರು. ಗಿಡ್ಡ ಕೈಯ ಕುಳ್ಳ ಶನಿಯಾರ ಗೋಡೆಗೆ ಒರಗಿ ನಿಂತಿದ್ದ.

ಅಕ್ಕ ಬಂದೂಕಿನ ಮರ ಬಿಚ್ಚಿ ನೋಡಿದರು, ಪಟ್ಟಿ ಹಿಡಿದು ಅಳೆದರು, ನಳಿಗೆಯ ಬಾಯಿಂದ ಚೋಕಿನ ಕೊಳವೆ ತಿರುಗಿಸಿ ತೆಗೆದರು. ಆಮೇಲೆ ನೀರು ಕೇಳಿದರು. ಕುಡಿದು, ಎಲ್ಲರನ್ನೂ ಕರೆಯಿರಿ ಎಂದರು.

"ಕೂತ್ಕಳಿ. ನಂಗೆ ನಿಂತು ಹೇಳೂಕೆ ಆಗೂದಿಲ್ಲ. ಕಬ್ಬಿಣಕ್ಕೂ ಮರಕ್ಕೂ ನಡುವೆ ಒಂದು ತೆಳು ತಗಡು ಇರ್ತದೆ. ತಿರುಗಿಸಿ ಹಾಕಿದ್ರೆ ಮರ ಎಡಕ್ಕೆ ಬಾಗ್ತದೆ, ಎಡಭುಜಕ್ಕೆ ಇಟ್ಟು ಹೊಡೆಯುವವನ ಕಣ್ಣು ನಳಿಗೆಯ ನೇರಕ್ಕೆ ಬರ್ತದೆ. ಅದನ್ನ ತಿರುಗಿಸಿದ್ದಾರೆ, ಖರೆ."

"ಮತ್ತೆ?" ಎಂದರು ರಾಜೀವರು.

"ಅಷ್ಟೇ ಅಲ್ಲ. ಭುಜಕ್ಕೆ ತಾಗುವ ತುದಿಗೆ ಒಂದಿಂಚು ದಪ್ಪ ಸೇರಿಸಿದ್ದಾರೆ. ಶನಿಯಾರ, ಎತ್ತು ನೋಡುವ."

ಶನಿಯಾರ ಖಾಲಿ ಬಂದೂಕು ಎಡಭುಜಕ್ಕೆ ಎತ್ತಿದ. ಮರದ ತುದಿ ಕಂಕುಳಿಗೆ ಸಿಕ್ಕಿಬಿತ್ತು, ಬೆರಳು ಗುಂಡು ಹಾರಿಸುವ ಕುದುರೆಗೆ ಎಟುಕಲಿಲ್ಲ.

"ಒಂದು ಹೊಡೀಲಿಕ್ಕೇ ಆಗದವ ಐವತ್ತು ಹೊಡೆದನಾ? ಇನ್ನು ನಳಿಗೆಯ ಬಾಯಿಗೆ ಹಾಕುವ ಈ ಚೋಕು. ಬಾಯಿ ಬಿಗಿ ಇದ್ರೆ ಚರೆಗುಂಡು ಒಟ್ಟಾಗಿ ದೂರ ಹೋಗ್ತದೆ, ಸಡಿಲ ಇದ್ರೆ ಹತ್ರದಲ್ಲೇ ಹರಡ್ತದೆ. ಇಲ್ಲಿ ಬಿಲ್ಲೆ ದೂರ ಹಾರ್ತದೆ, ಅದಕ್ಕೆ ಧನ್ಯಾ ಬಿಗಿಯದ್ದು ಹಾಕಿದ್ಲು. ಈಗ ಇದ್ದದ್ದು ಅಗಲ ಬಾಯಿದು. ದಿನಾ ಬಿಲ್ಲೆ ಹಾರಿಸುವ ಶನಿಯಾರ ಇಂಥದ್ದು ಹಾಕೂದಿಲ್ಲ, ಪ್ರದೀಪನಂತೂ ಇಲ್ಲ. ತಪ್ಪಿ ತಪ್ಪಿ ಬೇಸತ್ತವ, ಅಗಲ ಇದ್ರೆ ಎಲ್ಲಾದ್ರೂ ತಾಗೀತು ಅಂತ ಹಾಕ್ತಾನೆ."

ಅಕ್ಕ ಕುರ್ಚಿ ಎಳೆದು ಪ್ರದೀಪ, ರಾಜೀವರ ಎದುರು ಕೂತರು. "ಈಗ ಎರಡೂ ಕಣ್ಣು ತೆರೆದು, ಬಲಗೈ ಬೆರಳನ್ನ ನನ್ನ ಮೂಗಿಗೆ ತೋರಿಸಿ."

ಪ್ರದೀಪ ತೋರಿಸಿದ. ಬೆರಳು ಅವನ ಬಲಗಣ್ಣಿಗೆ ಅಡ್ಡ ಬಂತು. ರಾಜೀವರು ನಗುತ್ತ ತೋರಿಸಿದರು. ಅಕ್ಕನ ಹಿಂದೆ ನಿಂತ ನನಗೂ ಕಂಡಿತು. ಬಲಗೈ ಬೆರಳು ಹೋಗಿ ಎಡಗಣ್ಣಿಗೆ ಅಡ್ಡ ನಿಂತಿತ್ತು.

"ಅಳತೆ ಹಿಡಿಯುವವರು ಮೊದಲು ನೋಡೂದು ಇದನ್ನೇ. ನಿಮ್ಮದು ಎಡಗಣ್ಣಿನ ಗುರಿ, ರಾಜೀವರೇ. ನಳಿಗೆ ನೋಡಿದ್ದೂ ಅದ್ರಲ್ಲೇ. ಉದ್ದಗೈ, ಎಡಗಣ್ಣು. ಈ ಬಂದೂಕು ಈಗ ಕೂರೂದು ನಿಮ್ಮ ಮೈಗೆ ಮಾತ್ರ. ಪಂಕ್ತಿಯಲ್ಲಿ ಊಟದ ಕೈ ನೋಡಿ ಎಡಚ ಅಂತೀರಿ. ಕಣ್ಣು ಯಾರು ನೋಡ್ತೀರಿ?"

ರಾಜೀವರು ಬೆರಳು ಇಳಿಸಿದರು.

"ಸಣ್ಣವನಿದ್ದಾಗ ಆಯಿ ಬರೆ ಹಾಕಿ ಕೈ ತಿದ್ದಿದ್ಲು," ಎಂದರು. "ಬೆಳ್ಳಿ ಚಿತ್ತಾರ ನೋಡಿ ಮೋಹಪಟ್ಟು ತಂದ ನನ್ನ ಬಂದೂಕಿನಲ್ಲಿ ಮೂರು ವರ್ಷ ಒಂದು ಬಿಲ್ಲೆ ಸರಿಯಾಗಿ ಒಡೀಲಿಲ್ಲ. ಅದ್ರಲ್ಲಿ ತಿರುಗಿಸುವ ತಗಡೂ ಇಲ್ಲ. ಶನಿಯಾರನಿಗೆ ಎಡಚ ಎಡಚ ಅಂತ ದಿನಾ ಆಡಿಕೊಂಡವ, ಎಲ್ಲರೆದುರು ಎಡಭುಜಕ್ಕೆ ಎತ್ತುವುದು ಹೇಗೆ? ಭಾನುವಾರ ಒಬ್ಬನೇ ಯಂತ್ರ ಮೆಟ್ಟಿ, ಐವತ್ತರಲ್ಲಿ ಇಪ್ಪತ್ತು ಒಡೆದೆ ಮಾದೇವಿಯಕ್ಕ. ತಗಡನ್ನ ಮೊದಲಿನ ಹಾಗೆ ತಿರುಗಿಸುವ ಮೊದಲೇ ಪ್ರದೀಪನ ಬೈಕ್ ಸದ್ದಾಯಿತು, ಹಾಗೇ ಕಪಾಟಿಗಿಟ್ಟೆ."

"ಅದು ನಾಚಿಕೆ. ಅರ್ಥ ಆಗ್ತದೆ," ಎಂದರು ಅಕ್ಕ. "ಬಡವನ ಕುತ್ತಿಗೆಗೆ ಕಟ್ಟಿದ್ರಲ್ಲ, ಅದಕ್ಕೆ ಎಂತ ಹೇಳೂದು?"

ಪೊಲೀಸಿಗೆ ಕೊಡಲು ಬರೆದಿಟ್ಟ ದೂರಿನ ಕಾಗದವನ್ನು ಪ್ರದೀಪ ಹರಿದ. ರಾಜೀವರು ಎದ್ದು ಶನಿಯಾರನ ಎದುರು ಕೈ ಜೋಡಿಸಿದರು. ಅವನು ಆ ಕೈಗಳನ್ನು ನೋಡಲಿಲ್ಲ. ಸೊಂಟದಿಂದ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟ.

"ಹನ್ನೊಂದು ವರ್ಷ ಆತು ಇಲ್ಲಿ. ನೀನು ಮುಟ್ಟಿದ್ಯಾ ಅಂತ ಒಬ್ಬರೂ ಕೇಳಲಿಲ್ಲ. ಶುಕ್ರವಾರ ಈ ಹುಡುಗಿಗೆ ತಂಡದ ಆಯ್ಕೆ ಪಂದ್ಯ ಉಂಟು, ಅಲ್ಲಿವರೆಗೆ ಬಿಲ್ಲೆ ಹಾರಿಸ್ತೆ. ಆಮೇಲೆ ಬೇರೆ ಯಾರನ್ನಾದ್ರೂ ನೋಡ್ಕಳಿ."

ಅಕ್ಕ ತಗಡು ತಿರುಗಿಸಿ, ತುದಿಯ ದಪ್ಪ ತೆಗೆದು, ಬಿಗಿ ಚೋಕು ಹಾಕಿ ಬಂದೂಕನ್ನು ಧನ್ಯಾಳಿಗೆ ಕೊಟ್ಟರು. ಶನಿಯಾರ ಬಿಸಿಲಿಗೆ ಇಳಿದು ಯಂತ್ರದ ಹತ್ತಿರ ಕೂತ.

"ತಯಾರಾ, ತಂಗಿ?" ಎಂದು ಅಲ್ಲಿಂದಲೇ ಕೇಳಿದ.