ನೂರು ವೋಲ್ಟಿನ ಕುಕ್ಕರ್

ಜಪಾನಿನ ಅಕಿಹಾಬಾರದ ಆ ಎಲೆಕ್ಟ್ರಾನಿಕ್ಸ್ ಅಂಗಡಿಯ ಮೂರನೇ ಮಹಡಿಯಲ್ಲಿ ರೈಸ್ ಕುಕ್ಕರ್‌ಗಳೇ ಎರಡು ಸಾಲು ತುಂಬಿದ್ದವು. ಚಂದ್ರಮೋಹನ ಒಂದೊಂದರ ಮುಚ್ಚಳವನ್ನೂ ಮೆಲ್ಲಗೆ ಎತ್ತಿ ಇಣುಕುತ್ತಿದ್ದ. ಹಂಸಾಗೆ ನಗು ತಡೆಯಲಾಗಲಿಲ್ಲ.

"ಹೆಣ್ಣು ನೋಡೋಕೆ ಬಂದವರ ಥರ ನೋಡ್ತಿದ್ದೀರಲ್ರೀ! ಅಷ್ಟೊಂದು ನಾಚಿಕೆ ಯಾಕೆ?"

"ರೇಟ್ ನೋಡಿ, ಭಯಕ್ಕೆ ಬೆರಳೇ ಏಳ್ತಿಲ್ಲ. ನೀವೇ ಹೇಳಿ ಹಂಸಾ, ಇಷ್ಟು ಕೊಟ್ಟು ತಗೊಂಡ್ರೆ ವರ್ತ್ ಆಗುತ್ತಾ?"

ಅವನು ಕತ್ತು ತಿರುಗಿಸಿ ನೋಡಿದ. ಆ ನೋಟ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನಿಂತಿತು. ಹಂಸಾ ಸುಮ್ಮನೆ ಒಂದು ಬೆಲೆಚೀಟಿ ಓದತೊಡಗಿದಳು.

ಎರಡು ವರ್ಷದಿಂದ ಪ್ರತಿ ಭಾನುವಾರ ಅವನು ಓಜಿಮಾದ ತನ್ನ ಮನೆಯಿಂದ ಫುನಾಬೊರಿಯ ಅವಳ ಮನೆಗೆ ಊಟಕ್ಕೆ ಬರುತ್ತಿದ್ದ. ಅವನ ಹೆಂಡತಿ ತೀರಿಕೊಂಡು ಮೂರು ವರ್ಷ. ಒಂಬತ್ತರ ಮಗಳು ಹರ್ಷಿತಾ ಮೈಸೂರಿನಲ್ಲಿ, ಅವನ ಅಕ್ಕನ ಮನೆಯಲ್ಲಿದ್ದಳು. ಹಂಸಾಗೆ ವಿಚ್ಛೇದನವಾಗಿತ್ತು. ಅವಳ ಹನ್ನೊಂದರ ಮಗಳು ಶರ್ವಾಣಿ ಇಲ್ಲಿನ ಶಾಲೆಗೇ ಹೋಗುತ್ತಿದ್ದಳು. ಸಾರು, ಹಪ್ಪಳ, ಶರ್ವಾಣಿಯ ಲೆಕ್ಕದ ಹೋಮ್‌ವರ್ಕ್, ಇಷ್ಟರಲ್ಲೇ ಭಾನುವಾರಗಳು ಕಳೆದಿದ್ದವು. ಮನಸ್ಸಿನ ಮಾತನ್ನು ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ.

"ಒಂದು ದೊಡ್ಡ ಕುಕ್ಕರ್ ತಗೋಬೇಕು, ನೀವೂ ಬನ್ನಿ" ಎಂದು ಅವನು ಫೋನ್ ಮಾಡಿದಾಗ ಅವಳಲ್ಲಿ ಆಸೆ ಚಿಗುರಿತ್ತು. ಒಂಟಿ ಗಂಡಸಿಗೆ ದೊಡ್ಡ ಕುಕ್ಕರ್ ಯಾಕೆ? ಬೆಳಿಗ್ಗೆ ಎರಡು ಸಲ ಕುರ್ತಾ ಬದಲಾಯಿಸಿದ್ದಳು.

ಅಂಗಡಿಯ ಮಾರಾಟಗಾರ್ತಿ ಮೋರಿ-ಸಾನ್ ಬಂದು ತಲೆಬಾಗಿ ಜಪಾನೀಸಿನಲ್ಲಿ ಕೇಳಿದಳು: "ಮನೆಯಲ್ಲಿ ಎಷ್ಟು ಜನ?"

ಚಂದ್ರಮೋಹನ ತಡವರಿಸಿದ. ಹಂಸಾಳ ಬಾಯಿಂದ ತಾನಾಗಿ ಬಂದುಬಿಟ್ಟಿತು: "ನಾಲ್ಕು."

ಅವನು, ತಾನು, ಇಬ್ಬರು ಹೆಣ್ಣುಮಕ್ಕಳು. ಅವನಿಗೂ ಆ ಲೆಕ್ಕ ಸಿಕ್ಕಿತು. ಕಿವಿಯವರೆಗೆ ಕೆಂಪಾದ, ಆಮೇಲೆ ನೆಲ ನೋಡಿದ. ಹಂಸಾ ಸಂಕೋಚ ಮುಚ್ಚಿಕೊಳ್ಳಲು ಅಲ್ಲಿದ್ದ ಅತಿ ದುಬಾರಿ ಕುಕ್ಕರನ್ನೇ ಹಿಡಿದು ಹೊಗಳಿದಳು. ಪಾತ್ರೆ ದಪ್ಪ, ಬಹಳ ವರ್ಷ ಬಾಳುತ್ತೆ, ಹತ್ತು ವರ್ಷ ಇಲ್ಲಿದ್ದರೂ ಇನ್ನೊಂದು ಬೇಡ...

"ಇದು ಇಂಡಿಯಾದಲ್ಲಿ ನಡೆಯುತ್ತಾ?" ಎಂದು ಅವನು ಮೋರಿ-ಸಾನ್‌ಳನ್ನು ಮೆಲ್ಲಗೆ ಕೇಳಿದ.

"ಸುಮಿಮಾಸೆನ್, ಕ್ಷಮಿಸಿ, ಇದು ನೂರು ವೋಲ್ಟ್, ಜಪಾನಿಗೆ ಮಾತ್ರ. ಹೊರದೇಶಕ್ಕೆ ಒಯ್ಯುವಂಥವು ಐದನೇ ಮಹಡಿಯಲ್ಲಿವೆ."

ಹಂಸಾಳ ಕೈ ಮುಚ್ಚಳದ ಮೇಲೆಯೇ ನಿಂತಿತು.

"ಊರಿಗೆ ವಾಪಸ್ ಯಾವಾಗ?" ಎಂದಳು ಎಸ್ಕಲೇಟರಿನಲ್ಲಿ.

"ಮುಂದಿನ ತಿಂಗಳು. ಮೊದಲೇ ಹೇಳ್ಬೇಕಿತ್ತು. ಹರ್ಷಿತಾ ಈಗ ನನ್ನ ಹತ್ರ ನೆಂಟರ ಹತ್ರ ಮಾತಾಡೋ ಹಾಗೆ ಮಾತಾಡ್ತಾಳೆ. ಊಟ ಆಯ್ತಾ, ಅಲ್ಲಿ ಚಳಿನಾ... ಅಷ್ಟೇ. ಇನ್ನೊಂದು ವರ್ಷ ಬಿಟ್ರೆ ಅದೂ ಇರಲ್ಲ."

ಐದನೇ ಮಹಡಿಯಲ್ಲಿ ಅವಳು ಕುಕ್ಕರ್‌ಗಳನ್ನು ನಿಜವಾಗಿಯೂ ನೋಡಿದಳು. "ದುಬಾರಿದು ಬೇಡ. ಆ ಪ್ರೆಶರೆಲ್ಲ ಇಲ್ಲಿನ ಅಕ್ಕಿಗೆ. ಸೋನಾ ಮಸೂರಿ ಹಾಕಿದ್ರೆ ಅಂಟು ಮುದ್ದೆ ಆಗುತ್ತೆ, ಸಾರು ಕಲಸೋಕೂ ಬರಲ್ಲ. ಈ ಸಾದಾದು ಸಾಕು."

"ಸಾಕಾ?"

"ಸಾಕು."

ವಾಪಸು ಬರುವಾಗ ರೈಲಿನಲ್ಲಿ ಡಬ್ಬ ಅವನ ತೊಡೆಯ ಮೇಲಿತ್ತು. ಓಜಿಮಾ ಬಂತು. ಬಾಗಿಲು ತೆರೆಯಿತು. ಅವನು ಏಳಲಿಲ್ಲ.

"ನಿಮ್ ಸ್ಟೇಷನ್."

"ಗೊತ್ತು."

ಬಾಗಿಲು ಮುಚ್ಚಿತು. ರೈಲು ನೆಲದಡಿಯಿಂದ ಮೇಲೆ ಬಂದಾಗ ಮಧ್ಯಾಹ್ನದ ಬಿಸಿಲು ಒಮ್ಮೆಲೇ ಒಳನುಗ್ಗಿತು.

"ನಿಮ್ಮನ್ನ ಒಂದು ಕೇಳ್ಬೇಕು ಅಂತಿದ್ದೆ. ಕೇಳಬಾರದು ಅಂತ ಸುಮ್ಮನಾದೆ. ಶರ್ವಾಣಿ ಕನಸನ್ನೂ ಜಪಾನೀಸಲ್ಲೇ ಕಾಣ್ತಾಳೆ ಅಂತ ನೀವೇ ಹೇಳಿದ್ರಿ. ಅವಳನ್ನ ಕಿತ್ಕೊಂಡು ಬನ್ನಿ ಅಂತ ಯಾವ ಬಾಯಲ್ಲಿ ಕೇಳ್ಲಿ? ಉತ್ತರ ಗೊತ್ತಿದೆ."

"ಗೊತ್ತಿದ್ರೂ ಕೇಳ್ಬೇಕು ಮೋಹನ್." ಎಂದಳು ಅವಳು. "ಎರಡು ವರ್ಷದಿಂದ ಕಾದಿದ್ದೀನಿ. ಆಗಲ್ಲ ಅನ್ನೋಕಾದ್ರೂ ನನಗೊಂದು ಪ್ರಶ್ನೆ ಬೇಡ್ವಾ?"

ಕಿಟಕಿಯಾಚೆ ಅರಕಾವಾ ನದಿ ಅಗಲವಾಗಿ ತೆರೆದುಕೊಂಡಿತು. ಅವನು ಡಬ್ಬವನ್ನು ಕೆಳಗಿಟ್ಟು ಪೂರ್ತಿ ಅವಳ ಕಡೆ ತಿರುಗಿದ.

"ನನ್ನ ಮದುವೆ ಆಗ್ತೀರಾ, ಹಂಸಾ? ಮೈಸೂರಿಗೆ ಬರ್ತೀರಾ?"

ಅವಳು ಮೊದಲ ಸಲ ಅವನ ಕೈ ಹಿಡಿದಳು. ಅವನ ಬೆರಳುಗಳು ತಣ್ಣಗಿದ್ದವು.

"ಮೊದಲನೇದಕ್ಕೆ ಹ್ಞೂಂ. ಎರಡನೇದು ನನ್ನ ಕೈಲಾಗಲ್ಲ."

ಫುನಾಬೊರಿಯಲ್ಲಿ ಇಬ್ಬರೂ ಇಳಿದರು. ಅವನು ಎದುರು ಪ್ಲಾಟ್‌ಫಾರ್ಮಿಗೆ ಹೋಗಬೇಕಿತ್ತು. ಅವಳು ಕಾರ್ಡ್ ಒತ್ತಿ ಗೇಟಿನಾಚೆ ನಿಂತಳು.

"ಭಾನುವಾರ ಬರಲಾ?" ಎಂದ ಒಳಗಿನಿಂದ.

"ಹೊರಡೋವರೆಗೂ ಬನ್ನಿ. ಶರ್ವಾಣಿಗೆ ನಾನೇ ಹೇಳ್ತೀನಿ."

ಅವನು ತಲೆಯಾಡಿಸಿದ. ಮೆಟ್ಟಿಲು ಹತ್ತುವಾಗ ಎರಡು ಸಲ ತಿರುಗಿದ. ಎರಡು ಸಲವೂ ಅವಳು ನಕ್ಕಳು. ಬೀದಿಗೆ ಬಂದಾಗಲೂ ಆ ನಗು ಮುಖದಲ್ಲೇ ಇತ್ತು. ಸೈಕಲ್ಲಿನ ಬೀಗ ತೆಗೆಯಲು ಬಗ್ಗಿದಾಗ ಮಾತ್ರ, ಕೀಲಿಯ ತೂತು ಕಾಣಿಸದಷ್ಟು ಅತ್ತಳು.